ಕದಿರಮ್ಮನ ಕೆಂಚಿಯೂ ನಾನು ಬರೆದ ಕಂದೂ

ಕದಿರಮ್ಮ ಗಂಡನ ಅಂಗಿಯನ್ನು ಮೂಸಿ ನೋಡುತ್ತಿದ್ದರು. ಕೋದಂಡಪ್ಪ ಬೆಳಗಿನ ಟ್ರೈನಿಗೆ ಬಂಗಾರಪೇಟೆಯಿಂದ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋಗಿ ಸಂಜೆ ಬರುವ ಮನುಷ್ಯ, ಮಾತಿನಲ್ಲಿ ಬಲು ಕಂಜೂಸು. ಅವರು ಕಳಚಿಟ್ಟ ಅಂಗಿಯಲ್ಲಿ ಸಿಮೆಂಟಿನ ವಾಸನೆ ಇದ್ದರೆ ಸರಿ, ಇಲ್ಲದಿದ್ದರೆ ಆ ದಿನ ಎಲ್ಲಿ ಕೂತಿದ್ದೆ, ಯಾರ ಜೊತೆ ಕೂತಿದ್ದೆ ಎಂಬ ವಿಚಾರಣೆ ಶುರುವಾಗುತ್ತಿತ್ತು. ಕದಿರಮ್ಮ ತಾವು ಬೇತಮಂಗಲದ ಬಸ್ಸು ಹತ್ತಿದರೆ ಬೋರ್ಡು ಓದಿ, ಕಂಡಕ್ಟರನ್ನು ಕೇಳಿ, ಆಮೇಲೆ ಪಕ್ಕದಲ್ಲಿ ಕೂತವರನ್ನೂ ಕೇಳುತ್ತಿದ್ದರು. ರಾಬರ್ಟ್‌ಸನ್‌ಪೇಟೆಯಲ್ಲಿ ತಲೆನೋವಿನ ಮಾತ್ರೆ ಕೊಂಡರೆ ಎದುರಿನ ಅಂಗಡಿಗೆ ಹೋಗಿ, ಇದು ತಲೆನೋವಿನ ಮಾತ್ರೆಯೇ ಹೌದೋ ಎಂದು ಕೇಳಿಕೊಂಡು ಮನೆಗೆ ಒಯ್ಯುತ್ತಿದ್ದರು.

ಇಡೀ ಕುಪ್ಪನಹಳ್ಳಿಯಲ್ಲಿ ಅವರ ಅನುಮಾನಕ್ಕೆ ಸಿಗದೆ ಉಳಿದವರು ಒಬ್ಬರೇ, ಪಕ್ಕದ ಮನೆಯ ಅನಸೂಯಮ್ಮ. ಇಬ್ಬರೂ ಒಂದೇ ತಿಂಗಳಲ್ಲಿ ಮದುವೆಯಾಗಿ ಆ ಊರಿಗೆ ಬಂದವರು. ಮೂವತ್ತು ವರ್ಷದಿಂದ ಇಬ್ಬರ ಹಿತ್ತಿಲಿಗೂ ಒಂದೇ ಗೋಡೆ. ಅನಸೂಯಮ್ಮ ಊರಿನ ಮಹಿಳಾ ಹಾಲಿನ ಡೇರಿಯ ಕಾರ್ಯದರ್ಶಿ. ಅವರು ತೂಗಿದ ಹಾಲನ್ನು ಮಾತ್ರ ಕದಿರಮ್ಮ ಇನ್ನೊಮ್ಮೆ ತೂಗಿಸುತ್ತಿರಲಿಲ್ಲ. ಆ ಸ್ನೇಹಕ್ಕೂ ಕದಿರಮ್ಮನ ಹಸುವಿಗೂ ಒಟ್ಟಿಗೆ ಕುತ್ತು ತಂದವನು ನಾನು, ಅದೂ ಎರಡಕ್ಷರದ ಒಂದು ಪದ ಬರೆದು. ಅದನ್ನು ಮುಚ್ಚಿಟ್ಟುಕೊಂಡು ಕದಿರಮ್ಮನ ಕಥೆ ಹೇಳುವುದಕ್ಕೆ ನನಗೆ ಮನಸ್ಸು ಬರುವುದಿಲ್ಲ.

ನನ್ನ ಹೆಸರು ಸೆಲ್ವರಾಜ್. ಊರು ಮಾರಿಕುಪ್ಪಂ. ಮನೆಯಲ್ಲಿ ತಮಿಳು, ಬೀದಿಯಲ್ಲಿ ತಮಿಳೂ ತೆಲುಗೂ, ಕನ್ನಡ ಬಂದದ್ದು ಶಾಲೆಯ ಪುಸ್ತಕದಿಂದ. ಪುಸ್ತಕದ ಕನ್ನಡದಲ್ಲಿ ನಾನು ಪಕ್ಕಾ, ಮೇಷ್ಟ್ರು ನನ್ನ ಕೈಯಲ್ಲೇ ಬೋರ್ಡಿನ ಮೇಲೆ ಬರೆಸುತ್ತಿದ್ದರು. ಬಣ್ಣಗಳ ಪಾಠ ಈಗಲೂ ಬಾಯಿಪಾಠ: ಕೆಂಪು, ಹಳದಿ, ನೀಲಿ, ಕಂದು. ನಾನು ಹೇಳುತ್ತಿರುವುದು ನಡೆದಾಗ ಕುಪ್ಪನಹಳ್ಳಿ ಕಡೆಯ ಪಶು ಚಿಕಿತ್ಸಾಲಯಕ್ಕೆ ಗುತ್ತಿಗೆ ಸಹಾಯಕನಾಗಿ ಸೇರಿ ಎರಡು ತಿಂಗಳಾಗಿತ್ತು. ಸೂಜಿ ಹಿಡಿದವರನ್ನೆಲ್ಲ ಹಳ್ಳಿಯವರು ಡಾಕ್ಟ್ರೇ ಎಂದೇ ಕರೆಯುತ್ತಾರೆ, ನನ್ನನ್ನೂ ಹಾಗೇ ಕರೆಯುತ್ತಿದ್ದರು. ನಾನು ಬೇಡ ಎನ್ನಲಿಲ್ಲ.

ಆ ವರ್ಷ ಕುಪ್ಪನಹಳ್ಳಿಯ ಮೇಲಿನ ಬೀದಿಯಲ್ಲಿ ಒಂದೇ ತಿಂಗಳಲ್ಲಿ ಎರಡು ಹಸುಗಳ ಗರ್ಭ ಹೋಯಿತು, ಎರಡೂ ಏಳನೇ ತಿಂಗಳಲ್ಲಿ. ನಮ್ಮ ಡಾಕ್ಟರ್ ಕಾಂತರಾಜ್ ಅವರಿಗೆ ಬ್ರೂಸೆಲ್ಲೋಸಿಸ್ ಇರಬಹುದೆಂಬ ಅನುಮಾನ ಬಂತು. ಅದು ಬಂದ ಹಸು ಗರ್ಭ ಕಳೆದುಕೊಳ್ಳುತ್ತದೆ, ಪಕ್ಕದ ಹಸುವಿಗೆ ಹರಡುತ್ತದೆ, ಸತ್ತ ಕರುವನ್ನು ಬರಿಗೈಯಲ್ಲಿ ಎಳೆದ ಮನುಷ್ಯನಿಗೂ ಬಂದು ತಿಂಗಳುಗಟ್ಟಲೆ ಜ್ವರ, ಕೀಲುನೋವು ಕೊಡುತ್ತದೆ. ಹಸುವಿಗೆ ಬಂದಮೇಲೆ ವಾಸಿ ಮಾಡುವ ಮದ್ದು ಎಂಬುದಿಲ್ಲ. ರೋಗ ಇದೆ ಎಂದಾದ ಹಸುವನ್ನು ಬೇರೆ ಕಟ್ಟಬೇಕು, ಅದರ ಹಾಲು ಡೇರಿಯ ಕ್ಯಾನಿಗೆ ಬೀಳಬಾರದು. ಹೀಗಾಗಿ ಊರಿನ ಎಲ್ಲ ಹಸುಗಳ ರಕ್ತ ತೆಗೆಯುವುದೆಂದು ತೀರ್ಮಾನವಾಯಿತು.

ಡೇರಿಯ ಮುಂದೆ ಹಸುಗಳ ಸಾಲು ನಿಂತಿತು. ಕದಿರಮ್ಮ ತಮ್ಮ ಕೆಂಚಿಯನ್ನು ಹಿಡಿದುಕೊಂಡು ಬಂದರು. ಅವರಿಗಿದ್ದದ್ದು ಅದೊಂದೇ ಹಸು, ಜೆರ್ಸಿ ತಳಿ, ಆರು ತಿಂಗಳ ಗಬ್ಬ. ನಾನು ಸೂಜಿ ಎತ್ತಿದ ಕೂಡಲೇ ಕೈ ಅಡ್ಡ ಹಿಡಿದರು.

"ಎಷ್ಟು ರಕ್ತ ತೆಗೀತೀಯ?"

"ಐದು ಎಂ.ಎಲ್. ಅಮ್ಮ. ಒಂದು ಚಮಚ."

"ಯಾವ ಚಮ್ಚ? ಕಾಫೀದಾ, ಪಲ್ಯ ಬಡ್ಸೋದಾ?"

ಕಾಫಿಯದು ಎಂದೆ. ಬಾಟಲಿಯ ಮೇಲೆ ಕೆಂಚಿಯ ನಂಬರೇ ಬರೆದಿದ್ದೇನೆ ಎಂದು ಹೇಗೆ ನಂಬುವುದು ಎಂಬುದು ಮುಂದಿನ ಪ್ರಶ್ನೆ. ಹಸುವಿನ ಕಿವಿಯ ಹಳದಿ ಓಲೆಯಲ್ಲಿದ್ದ ಹನ್ನೆರಡು ಅಂಕಿಗಳನ್ನೂ ಬಾಟಲಿಯ ಮೇಲಿನ ಹನ್ನೆರಡು ಅಂಕಿಗಳನ್ನೂ ಬೆರಳಿಟ್ಟು ಒಂದೊಂದಾಗಿ ಹೋಲಿಸಿದರು. ಹಿಂದೆ ಇಪ್ಪತ್ತು ಹಸು ಕಾಯುತ್ತಿದ್ದವು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಬಚಾವಾದರೆ ಸಾಕೆಂದು, ಹಸುಗಳ ವಿವರ ಬರೆಯುವ ಪಟ್ಟಿಯಲ್ಲಿ ಉಳಿದ ಅಂಕಣಗಳನ್ನು ಸರಸರನೆ ತುಂಬಿದೆ.

ಆ ಪಟ್ಟಿಯಲ್ಲಿ ಒಂದು ಅಂಕಣದ ತಲೆಯ ಮೇಲೆ 'ಲಕ್ಷಣ' ಎಂದು ಅಚ್ಚಾಗಿತ್ತು. ಹಸುವನ್ನು ಗುರುತಿಸುವ ಲಕ್ಷಣ ಎಂದು ಅದರ ಅರ್ಥ. ಬೇರೆ ಹಸುಗಳಿಗೆ 'ಹಣೆಯಲ್ಲಿ ಚುಕ್ಕೆ', 'ಎಡಗೊಂಬು ಮುರಿದಿದೆ', 'ಬಾಲದ ತುದಿ ಬಿಳಿ' ಎಂದು ಬರೆದಿದ್ದೆ. ಕೆಂಚಿಗೆ ಮೈಯಲ್ಲಿ ಒಂದು ಮಚ್ಚೆಯೂ ಇಲ್ಲ, ಕೊಂಬೂ ನೆಟ್ಟಗಿದೆ. ಹೀಗಾಗಿ ಅದರ ಬಣ್ಣ ಬರೆದೆ. ಕಂದು.

ಊರವರು ಆ ಬಣ್ಣಕ್ಕೆ ಕೆಂಚು ಎನ್ನುತ್ತಾರೆ. ಅವರ ಬಾಯಲ್ಲಿ ಕಂದು ಎಂದರೆ ದಿನ ತುಂಬದೆ ಬಿದ್ದ ಗರ್ಭ. ಹಸು ಕಂದು ಹಾಕಿತು ಎನ್ನುತ್ತಾರೆ, ಈ ರೋಗವನ್ನೇ ಕಂದು ರೋಗ ಎನ್ನುತ್ತಾರೆ. ಇದು ನನಗೆ ಗೊತ್ತಿರಲಿಲ್ಲ. ಡಾಕ್ಟರ್ ನನ್ನ ಹತ್ತಿರ ಗರ್ಭಪಾತ ಎನ್ನುತ್ತಿದ್ದರು, ಮೇಲಿನ ಬೀದಿಯವರು ನನ್ನೆದುರು 'ಕರು ಓಯ್ತು' ಎಂದಿದ್ದರು ಅಷ್ಟೇ.

ಪಟ್ಟಿಯನ್ನು ನಾನು ಚಿಕಿತ್ಸಾಲಯಕ್ಕೆ ತರುವ ಮೊದಲು ಅನಸೂಯಮ್ಮ ಡೇರಿಯ ಪುಸ್ತಕಕ್ಕೆ ಅದನ್ನು ಇದ್ದದ್ದು ಇದ್ದ ಹಾಗೆ ಇಳಿಸಿಕೊಂಡರು. ಡೇರಿಯ ಪುಸ್ತಕ ಮೇಜಿನ ಮೇಲೆ ಬಿದ್ದಿರುತ್ತದೆ, ಹಾಲು ಹಾಕಲು ಬಂದವರೆಲ್ಲ ತಿರುವಿಹಾಕುತ್ತಾರೆ. ಮಾರನೆಯ ಬೆಳಿಗ್ಗೆ ಯಾರೋ ಓದಿದರು. ಕದಿರಮ್ಮನ ಹಸು, ಲಕ್ಷಣ: ಕಂದು. ಸಂಜೆಯ ಹೊತ್ತಿಗೆ ಇಡೀ ಊರಿಗೆ ಅದೇ ಸುದ್ದಿ. ಮರುದಿನ ಕದಿರಮ್ಮ ಕ್ಯಾನು ಹಿಡಿದು ಬಂದಾಗ ಸಾಲಿನಲ್ಲಿದ್ದ ಹೆಂಗಸರು ತಮ್ಮ ಕ್ಯಾನುಗಳನ್ನು ಆಚೆಗೆ ಸರಿಸಿಕೊಂಡರು. ಪರೀಕ್ಷೆ ಆಗುವ ತನಕ ಆ ಹಾಲು ಬೇಡ ಎಂದರು. ಊರೆಲ್ಲ ಒಂದೇ ಮಾತಾಡಿದಾಗ ಅನಸೂಯಮ್ಮನಿಗೂ ಬೇರೆ ದಾರಿ ಇರಲಿಲ್ಲ.

ಕದಿರಮ್ಮ ಪುಸ್ತಕ ಎಳೆದುಕೊಂಡು ನೋಡಿದರು. ಅನಸೂಯಮ್ಮನ ದುಂಡಗಿನ ಅಕ್ಷರ ಅವರಿಗೆ ಮೂವತ್ತು ವರ್ಷದಿಂದ ಗೊತ್ತು.

"ಇದು ನಿನ್ ಕೈಬರ ಅಲ್ವಾ ಅನಸೂಯಾ?"

"ನಂದೇ ಅಕ್ಕ. ಅವ್ರ ಪಟ್ಟೀಲಿ ಇದ್ದಿದ್ದನ್ನ ನೋಡ್ಕೊಂಡು ಬರ್ದೆ. ನಾನೂ ಯಾಕೆ ಅಂತ ಕೇಳ್ಬೇಕಾಗಿತ್ತು, ಕೇಳ್ಲಿಲ್ಲ."

"ಪಟ್ಟಿ ಎಲ್ಲೈತೆ? ತೋರ್ಸು."

ಪಟ್ಟಿ ನನ್ನ ಹತ್ತಿರ ಇತ್ತು. ಕದಿರಮ್ಮ ಅಲ್ಲಿಂದ ನೇರವಾಗಿ ನಮ್ಮ ಚಿಕಿತ್ಸಾಲಯಕ್ಕೆ ಬಂದರು. ನಡೆದೇ ಬಂದಿದ್ದರು, ಸೆರಗು ಸೊಂಟಕ್ಕೆ ಸಿಕ್ಕಿಸಿತ್ತು. ಒಳಗೆ ಬಂದವರೇ ನಡೆದದ್ದೆಲ್ಲ ಹೇಳಿ, ನನ್ನನ್ನು ದಿಟ್ಟಿಸಿ ಕೇಳಿದರು.

"ನಿಜ ಏಳು. ನೀನು ಪಟ್ಟೀಲಿ ಕಂದು ಅಂತ ಬರ್ದಿದ್ಯಾ?"

ಆ ಕ್ಷಣದಲ್ಲಿ ನನಗೆ ಪದದ ಅರ್ಥ ಹೊಳೆಯಿತು. ಪಟ್ಟಿ ನನ್ನ ಕಂಕುಳಲ್ಲಿದ್ದ ಚೀಲದಲ್ಲೇ ಇತ್ತು. ತೆಗೆದು ತೋರಿಸಿ, ಅಮ್ಮ ಇದು ಬಣ್ಣ, ತಪ್ಪು ನನ್ನದು ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಎರಡು ತಿಂಗಳ ಗುತ್ತಿಗೆ ಕೆಲಸ, ಪಕ್ಕದ ಕೋಣೆಯಲ್ಲಿ ಡಾಕ್ಟರ್, ಕನ್ನಡ ಬರದವನನ್ನು ಯಾರು ಸೇರಿಸಿದ್ದು ಎಂದು ಊರವರು ಕೇಳಿದರೆ ನನ್ನ ಗತಿ ಏನು ಎಂಬ ಹೆದರಿಕೆ.

"ಪಟ್ಟಿ ಬಂಗಾರಪೇಟೆಗೆ ಹೋಗಿದೆ ಅಮ್ಮ. ನೋಡಿ ಹೇಳ್ತೀನಿ" ಎಂದೆ.

ಜನ್ಮದಲ್ಲಿ ಯಾರ ಮಾತನ್ನೂ ಒಂದೇ ಸಲಕ್ಕೆ ಒಪ್ಪದ ಹೆಂಗಸು ನನ್ನ ಆ ಸುಳ್ಳನ್ನು ಅಲ್ಲೇ ಒಪ್ಪಿದರು. ನೀನು ಬರೆದಿದ್ದರೆ ಬರೆದೆ ಅಂತಿದ್ದೆ, ಇದು ಅವಳದೇ ಕೆಲಸ, ನನ್ನ ಕೆಂಚಿ ಅವಳ ಹಸುವಿಗಿಂತ ಜಾಸ್ತಿ ಹಾಲು ಕರೆಯುತ್ತದಲ್ಲ, ಅದಕ್ಕೇ ಹೊಟ್ಟೆಯುರಿ ಎಂದು ತಮಗೆ ತಾವೇ ಹೇಳಿಕೊಂಡರು. ಆಮೇಲೆ ಡಾಕ್ಟರ ಮುಂದೆ ನಿಂತು, ನನ್ನ ಹಸುವಿನ ಪರೀಕ್ಷೆ ಊರವರ ಕಣ್ಣೆದುರೇ ಆಗಬೇಕು, ಹಳೆಯ ಬಾಟಲಿ ನಂಬುವುದಿಲ್ಲ, ಹೊಸ ರಕ್ತವೇ ಆಗಬೇಕು ಎಂದು ಹಟ ಹಿಡಿದರು. ಡಾಕ್ಟರ್ ಆಗಲಿ ಎಂದರು.

ಎರಡು ದಿನ ಬಿಟ್ಟು ಡೇರಿಯ ಜಗಲಿಯ ಮೇಲೆ ಪರೀಕ್ಷೆ ನಡೆಯಿತು. ರಕ್ತವನ್ನು ಬಾಟಲಿಯಲ್ಲಿ ಓರೆಯಾಗಿಟ್ಟರೆ ಕೆಂಪು ಕೆಳಗೆ ಹೆಪ್ಪುಗಟ್ಟಿ ಮೇಲೆ ಹಳದಿ ನೀರು ನಿಲ್ಲುತ್ತದೆ. ಆ ನೀರಿನ ಒಂದು ಹನಿಗೆ ಗುಲಾಬಿ ಬಣ್ಣದ ಮದ್ದಿನ ಒಂದು ಹನಿ ಸೇರಿಸಿ ಗಾಜಿನ ಮೇಲೆ ಕಡ್ಡಿಯಿಂದ ಕಲಸಿ, ನಾಲ್ಕು ನಿಮಿಷ ಅಲ್ಲಾಡಿಸಬೇಕು. ನುಣ್ಣಗೆ ಉಳಿದರೆ ಸರಿ. ರವೆಯ ಹಾಗೆ ಕಾಳುಕಟ್ಟಿದರೆ ರೋಗ ಇದೆಯೆಂದು ಅನುಮಾನ. ಮೊದಲು ಇಡೀ ಊರಿನ ಬಾಟಲಿಗಳಾದವು. ಮೇಲಿನ ಬೀದಿಯ ಆ ಎರಡು ಹಸುಗಳದು ಕಾಳುಕಟ್ಟಿತು, ಉಳಿದದ್ದೆಲ್ಲ ನುಣ್ಣಗಿತ್ತು.

ಕೊನೆಗೆ ಕೆಂಚಿಯದು. ಗಾಜು ಹಿಡಿದವನು ನಾನೇ. ಇದು ನುಣ್ಣಗೆ ಉಳಿದುಬಿಟ್ಟರೆ ಹಸುವೂ ಉಳಿಯಿತು, ಅನಸೂಯಮ್ಮನ ಹೆಸರೂ ಉಳಿಯಿತು, ನಾನೂ ಉಳಿದೆ ಎಂದು ಮನಸ್ಸಿನಲ್ಲೇ ಮಾರಿಯಮ್ಮನಿಗೆ ಹರಕೆ ಹೊತ್ತೆ. ಮೂರನೇ ನಿಮಿಷಕ್ಕೆ ಗುಲಾಬಿ ಹನಿ ಒಡೆದು ಕಾಳುಕಟ್ಟಿತು.

ಕದಿರಮ್ಮ ಗಾಜನ್ನು ನನ್ನ ಕೈಯಿಂದ ತೆಗೆದುಕೊಂಡು ಬಿಸಿಲಿಗೆ ಹಿಡಿದು ನೋಡಿದರು. ಆಮೇಲೆ ನಿಧಾನವಾಗಿ ಅನಸೂಯಮ್ಮನ ಕಡೆ ತಿರುಗಿದರು.

"ಗಾಜು ತೊಳ್ಯಕ್ಕೆ ನೀರು ಕೊಟ್ಟಿದ್ದು ಯಾರು?"

"ನಾನೇ ಅಕ್ಕ" ಎಂದರು ಅನಸೂಯಮ್ಮ.

"ಅಂಗೇಳು ಮತ್ತೆ."

ಅಷ್ಟೇ ಮಾತು. ಅಂದಿನಿಂದ ಇಬ್ಬರ ನಡುವೆ ಮಾತು ನಿಂತಿತು. ಅದೇ ನೀರಿನಲ್ಲಿ ತೊಳೆದ ಗಾಜಿನ ಮೇಲೆ ಉಳಿದ ಹಸುಗಳದು ಸರಿಯಾಗಿಯೇ ಬಂತಲ್ಲ ಎಂದು ಡಾಕ್ಟರ್ ಎಷ್ಟು ಹೇಳಿದರೂ ಕದಿರಮ್ಮ ಕಿವಿಗೆ ಹಾಕಿಕೊಳ್ಳಲಿಲ್ಲ. ನನ್ನ ಮನಸ್ಸೂ ಹೊಲಸು ನೋಡಿ. ರೋಗ ಇದ್ದೇ ಇದೆ ಎಂದಾದರೆ ನಾನು ಬರೆದದ್ದು ತಪ್ಪೇ ಅಲ್ಲವಲ್ಲ ಎಂದು ಒಳಗೊಳಗೇ ಹಗುರಾದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಡಾಕ್ಟರ್ ಎರಡನೇ ಪರೀಕ್ಷೆ ಮಾಡಿಸಿದರು. ರಕ್ತದ ನೀರನ್ನು ಸಾಲಾಗಿಟ್ಟ ಗಾಜಿನ ಕೊಳವೆಗಳಲ್ಲಿ ಒಂದರಿಂದ ಒಂದಕ್ಕೆ ತೆಳುಮಾಡುತ್ತ ಹೋಗಿ, ಮದ್ದು ಬೆರೆಸಿ, ಒಂದು ದಿನ ಬೆಚ್ಚಗಿಟ್ಟು ಎಷ್ಟನೇ ಕೊಳವೆಯ ತನಕ ಗಸಿ ಕೂತಿದೆ ಎಂದು ನೋಡುವ ಪರೀಕ್ಷೆ. ಮೇಲಿನ ಬೀದಿಯ ಹಸುಗಳದು ಕೊನೆಯ ತನಕ ಕೂತಿತ್ತು. ಕೆಂಚಿಯದು ನಡುವಿನಲ್ಲೇ ನಿಂತುಬಿಟ್ಟಿತ್ತು. ವರದಿಯಲ್ಲಿ 'ಅನುಮಾನಾಸ್ಪದ' ಎಂದು ಬಂತು. ಕದಿರಮ್ಮನ ಸ್ವಭಾವಕ್ಕೆ ಒಪ್ಪುವ ಪರೀಕ್ಷೆ ಲೋಕದಲ್ಲಿ ಇದೊಂದೇ ಇರಬೇಕು ಎಂದು ನನಗನ್ನಿಸಿತು. ಆದರೆ ಅವರು ಅದನ್ನೂ ಒಪ್ಪಲಿಲ್ಲ.

"ಒಂದು ಐತೆ ಅಂತದೆ, ಒಂದು ಗೊತ್ತಿಲ್ಲ ಅಂತದೆ. ನಿಮ್ಮ ಪರೀಕ್ಷೇನೇ ಒಂದನ್ನೊಂದು ನಂಬಲ್ಲ. ನಾನು ಎಂಗೆ ನಂಬ್ಲಿ ಸಾರ್?"

ಡಾಕ್ಟರ್ ನಕ್ಕರು. "ಅಮ್ಮ, ಗುಲಾಬಿ ಪರೀಕ್ಷೆ ಅನ್ನೋದು ಬಾಗಿಲಲ್ಲಿ ಕಟ್ಟಿರೋ ನಾಯಿ ಇದ್ದ ಹಾಗೆ. ಕಳ್ಳ ಬಂದ್ರೂ ಬೊಗಳುತ್ತೆ, ನೆಂಟರು ಬಂದ್ರೂ ಬೊಗಳುತ್ತೆ. ಬೇಗ ಬೊಗಳುತ್ತೆ, ಅದಕ್ಕೇ ಇಟ್ಕೊಂಡಿದೀವಿ. ಬಂದವರು ಯಾರು ಅಂತ ಮುಖ ನೋಡಿ ಹೇಳೋ ಪರೀಕ್ಷೆ ಬೆಂಗಳೂರಲ್ಲಿದೆ, ಎಲೈಸಾ ಅಂತ. ಅದರಲ್ಲೂ ಒಂದು ಬಗೆ ಇದೆ, ರೋಗದಿಂದ ಬಂದ ಗುರುತನ್ನೂ ಲಸಿಕೆಯಿಂದ ಬಂದ ಗುರುತನ್ನೂ ಹೆಚ್ಚುಕಮ್ಮಿ ಬೇರೆ ಮಾಡುತ್ತೆ. ಅದಕ್ಕೇ ಕೇಳ್ತೀನಿ. ಇದಕ್ಕೆ ಕಂದು ರೋಗದ ಲಸಿಕೆ ಯಾವಾಗ ಹಾಕಿಸಿದ್ರಿ?"

"ಆರು ತಿಂಗ್ಳ ಕಡಸು ಆಗಿದ್ದಾಗ. ಕ್ಯಾಂಪಲ್ಲಿ."

"ಅದು ಸರಿಯಾದ ವಯಸ್ಸೇ, ಎಂಟು ತಿಂಗಳೊಳಗೇ ಹಾಕ್ಬೇಕು. ಆಮೇಲೆ ಯಾವಾಗಲಾದ್ರೂ?"

"ಇಲ್ಲ."

ಆ 'ಇಲ್ಲ' ಬಹಳ ಬೇಗ ಬಂತು. ಸುಳ್ಳು ಹೇಳಿ ಅಭ್ಯಾಸವಿದ್ದ ನನಗೆ ಅದು ತಟ್ಟನೆ ಗೊತ್ತಾಯಿತು. ಏನನ್ನೋ ಮುಚ್ಚಿಡುತ್ತಿದ್ದಾರೆ ಎಂದುಕೊಂಡೆ.

ಅಷ್ಟರಲ್ಲಿ ಊರಿನಲ್ಲಿ ದಲ್ಲಾಳಿಯೊಬ್ಬ ಓಡಾಡತೊಡಗಿದ್ದ. ರೋಗದ ಹಸು, ಕರು ಹಾಕುವ ಮುಂಚೆ ಕೊಟ್ಟುಬಿಡಿ, ನಾನು ಗಡಿ ದಾಟಿಸುತ್ತೇನೆ ಎಂದು ಕೋದಂಡಪ್ಪನ ತಲೆ ತಿನ್ನುತ್ತಿದ್ದ. ಕೋದಂಡಪ್ಪ ಆಗಲಿ ಎಂಬಂತೆ ತಲೆಯಾಡಿಸಿದ್ದರು. ಕದಿರಮ್ಮ ಕೆಂಚಿಯ ಹಗ್ಗವನ್ನು ತಮ್ಮ ಕಣ್ಣಿಗೆ ಬೀಳುವ ಕಡೆಗೆ ಬಿಗಿದು ಕಟ್ಟಿದರು. ಹಾಲು ಮಾರುವಂತಿಲ್ಲ, ಕಾಯಿಸಿ ಕುಡಿದರೂ ಮುಗಿಯುವುದಿಲ್ಲ, ಉಳಿದದ್ದನ್ನು ತಿಪ್ಪೆಗೆ ಸುರಿಯುತ್ತಿದ್ದರು. ಸುರಿದು ಬಂದು ಗೋಡೆಯ ಕಡೆ ಮುಖ ಮಾಡಿ, ಆಚೆಯವರಿಗೆ ಕೇಳುವಷ್ಟು ಗಟ್ಟಿಯಾಗಿ ಗೊಣಗುತ್ತಿದ್ದರು.

ಬೆಂಗಳೂರಿಗೆ ರಕ್ತ ಒಯ್ಯುವ ಕೆಲಸ ನನ್ನ ಪಾಲಿಗೆ ಬಂತು. ಬೆಳಿಗ್ಗೆ ಮಾರಿಕುಪ್ಪಂನಲ್ಲಿ ಐಸ್ ತುಂಬಿದ ಡಬ್ಬಿ ಹಿಡಿದು ಟ್ರೈನು ಹತ್ತಿದೆ. ಬಂಗಾರಪೇಟೆಯಲ್ಲಿ ನೋಡುತ್ತೇನೆ, ಕದಿರಮ್ಮ ನಾನಿದ್ದ ಬೋಗಿಗೇ ಹತ್ತುತ್ತಿದ್ದಾರೆ. ಕೋದಂಡಪ್ಪ ಹಿಂದೆ ಬುತ್ತಿ ಹಿಡಿದು ನಿಂತಿದ್ದರು.

"ಅದನ್ನ ಇತ್ತ ಕೊಡು" ಎಂದು ಐಸಿನ ಡಬ್ಬಿಯನ್ನು ಕಿತ್ತುಕೊಂಡು ತೊಡೆಯ ಮೇಲಿಟ್ಟುಕೊಂಡರು. ಸೀರೆಯೆಲ್ಲ ಒದ್ದೆಯಾದರೂ ಕೆಳಗಿಡಲಿಲ್ಲ. ಮಾಲೂರಿನಲ್ಲಿ ಜನ ನುಗ್ಗಿದಾಗ ಎರಡೂ ಕೈಯಲ್ಲಿ ಅಪ್ಪಿಕೊಂಡರು. ಕೋದಂಡಪ್ಪ ಕಿಟಕಿಗೆ ಒರಗಿ ನಿದ್ದೆ ಹೋಗಿದ್ದರು. ಸ್ವಲ್ಪ ದೂರ ಹೋದಮೇಲೆ, ನಾನು ಏನೂ ಕೇಳದಿದ್ದರೂ, ಅವರು ಡಬ್ಬಿಯನ್ನೇ ನೋಡುತ್ತ ಶುರುಮಾಡಿದರು.

"ಎರಡು ಸಲ ಆಕ್ಸಿದೆ ಕಣಪ್ಪ."

"ಏನಮ್ಮ?"

"ಸೂಜಿ. ಕ್ಯಾಂಪಲ್ಲಿ ಆ ಮನ್ಸ ಮದ್ದಿನ ಬಾಟ್ಲಿ ಅಂಗೇ ಜೋಬಿನಿಂದ ತೆಗ್ದ. ಐಸೂ ಇಲ್ಲ, ಏನೂ ಇಲ್ಲ. ಇದು ಬರೀ ನೀರು ಅಂತ ನಂಗನ್ನಿಸ್ತು. ನಮ್ಮಮ್ಮನ ಊರಲ್ಲೂ ಒಂದು ಕ್ಯಾಂಪ್ ಆಯ್ತು. ಅಷ್ಟೊತ್ತಿಗೆ ಕೆಂಚಿಗೆ ಒಂದು ವರ್ಸ ದಾಟಿತ್ತು. ಆಗಿನ್ನೂ ಕಿವಿಗೆ ಓಲೆ ಆಕಿರ್ಲಿಲ್ಲ. ಎಂಟು ತಿಂಗ್ಳು ಅಂತ ಏಳಿ ಅಲ್ಲೂ ಆಕ್ಸಿದೆ."

ವಯಸ್ಸು ಮೀರಿದ ಹಸುವಿಗೆ ಆ ಲಸಿಕೆ ಹಾಕಿದರೆ ಅದರ ಗುರುತು ರಕ್ತದಲ್ಲಿ ವರ್ಷಗಟ್ಟಲೆ ಉಳಿದುಬಿಡಬಹುದು ಎಂದು ಡಾಕ್ಟರ್ ಹಿಂದಿನ ದಿನವಷ್ಟೇ ನನಗೆ ಹೇಳಿದ್ದರು. ಗುಲಾಬಿ ಹನಿ ಕಾಳುಕಟ್ಟಿದ್ದಕ್ಕೆ ಕಾರಣ ಸಿಕ್ಕಿತ್ತು.

"ಡಾಕ್ಟ್ರು ಕೇಳಿದಾಗ ಯಾಕಮ್ಮ ಹೇಳಲಿಲ್ಲ?"

"ಎಂಗೆ ಏಳ್ಲಿ? ಊರಲ್ಲಿ ಅನುಮಾನದ ಕದಿರಿ ಅಂತಾರೆ, ಗೊತ್ತು ನಂಗೆ. ಈಗ ನನ್ನ ಅನುಮಾನದಿಂದ್ಲೇ ನನ್ನ ಹಸ ಕೆಡ್ತು ಅಂದ್ರೆ ನಗಲ್ವಾ ಅವ್ರು?" ಸೆರಗಿನಿಂದ ಕಣ್ಣೊರೆಸಿಕೊಂಡರು. "ನಗ್ಲಿ ಬಿಡು. ಬರ್ಕೊ. ಕೆಂಚಿ ಉಳಿದ್ರೆ ಸಾಕು."

ಅವರು ಅಷ್ಟು ದೊಡ್ಡ ಮಾತು ಆಡಿದಾಗ ನನ್ನ ಮಾತೂ ಬಾಯಿಯ ತುದಿಗೆ ಬಂದಿತ್ತು. ಪಟ್ಟಿ ಚೀಲದಲ್ಲೇ ಇತ್ತು. ತೆಗೆಯಲಿಲ್ಲ. ಇಳಿದಮೇಲೆ ಹೇಳೋಣ ಎಂದುಕೊಂಡೆ, ಇಳಿದಮೇಲೆ ಲ್ಯಾಬಿನಿಂದ ವಾಪಸು ಬರುವಾಗ ಹೇಳೋಣ ಎಂದುಕೊಂಡೆ. ಲ್ಯಾಬಿನ ಕಾಗದದಲ್ಲಿ ಎರಡು ಲಸಿಕೆಯ ವಿಷಯ ಸ್ಪಷ್ಟವಾಗಿ ಬರೆದುಕೊಟ್ಟೆ. ಆ ಸಲ ಪ್ರತಿ ಪದವನ್ನೂ ಕದಿರಮ್ಮನಿಗೆ ಓದಿ ಹೇಳಿ, ಅರ್ಥ ಕೇಳಿ ಬರೆದೆ.

ಹತ್ತು ದಿನಕ್ಕೆ ವರದಿ ಬಂತು. ಮೇಲಿನ ಬೀದಿಯ ಎರಡಕ್ಕೂ ರೋಗ ಇದೆ, ಕೆಂಚಿಗೆ ಇಲ್ಲ. ಮೂರು ವಾರ ಬಿಟ್ಟು ಇನ್ನೊಮ್ಮೆ ರಕ್ತ ಕಳಿಸಿದಾಗಲೂ ಅದೇ ಬಂತು. ಡಾಕ್ಟರ್ ಡೇರಿಯ ನೋಟೀಸು ಬೋರ್ಡಿನ ಪಕ್ಕ ನಿಂತು ಎರಡನ್ನೂ ಓದಿದರು. ಕದಿರಮ್ಮ ಎಲ್ಲರೆದುರು, ಎರಡು ಸಲ ಸೂಜಿ ಹಾಕಿಸಿದ್ದು ನಾನೇ ಎಂದು ಒಪ್ಪಿಕೊಂಡರು. ಜನ ನಕ್ಕರು, ಅವರು ತಲೆತಗ್ಗಿಸಿ ನಿಂತರು. ಅವತ್ತು ಸಂಜೆಯಿಂದ ಡೇರಿಯಲ್ಲಿ ಕೆಂಚಿಯ ಹಾಲು ತೆಗೆದುಕೊಂಡರು.

ಎಲ್ಲ ಸುಖಾಂತ್ಯವಾಯಿತು ಎಂದು ನಾನು ತಿಳಿದಿದ್ದೆ. ಆದರೆ ಕದಿರಮ್ಮನ ತಲೆ ಬೇರೆ ದಾರಿಯಲ್ಲಿ ಓಡಿತ್ತು. ಡೇರಿಯ ತಕ್ಕಡಿಯ ಮುಂದೆ ನಿಂತು, ಅನಸೂಯಮ್ಮನ ಮುಖ ನೋಡದೆ, ನನಗೆ ಹೇಳಿದರು.

"ಕೆಂಚಿಗೆ ರೋಗ ಇಲ್ಲ ಅಂತ ಬೆಂಗ್ಳೂರಿನೋರೇ ಬರ್ಕೊಟ್ರು. ಅಂಗಾದ್ರೆ ಪರೀಕ್ಷೆಗೆ ಮುಂಚೇನೇ ಕಂದು ಅಂತ ಯಾಕೆ ಬರೀಬೇಕಾಗಿತ್ತು? ಕೆಡಿಸ್ಬೇಕು ಅಂತಾನೇ ತಾನೆ?"

ರೋಗ ಇದ್ದಿದ್ದರೆ ಅನಸೂಯಮ್ಮ ಬರೆದದ್ದು ನಿಜವಾಗುತ್ತಿತ್ತು. ರೋಗ ಇಲ್ಲವೆಂದ ಮೇಲೆ ಅದು ಬೇಕೆಂದೇ ಮಾಡಿದ ದ್ರೋಹವಾಯಿತು. ಹಸುವನ್ನು ಉಳಿಸಿದ ಆ ಕಾಗದವೇ ಗೆಳೆತನವನ್ನು ಕೊಂದಿತು. ಅನಸೂಯಮ್ಮ ಹಾಲು ತೂಗಿದರು, ಕದಿರಮ್ಮ ಇನ್ನೊಮ್ಮೆ ತೂಗಿ ಎಂದರು. ಅವರು ಇನ್ನೊಮ್ಮೆ ತೂಗಿದರು.

ಆ ದಿನ ಹೊರಡುವಾಗ ಅನಸೂಯಮ್ಮ ನನ್ನನ್ನು ಬಾಗಿಲ ಹತ್ತಿರ ನಿಲ್ಲಿಸಿ ಕೇಳಿದರು.

"ಆ ಪಟ್ಟಿ ಸಿಕ್ತೇನಪ್ಪ ಸೆಲ್ವರಾಜು?"

"ಇನ್ನೂ ಇಲ್ಲಮ್ಮ."

ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. "ಆಗ್ಲಿ ಬಿಡು. ನಿನ್ ಕೆಲ್ಸ ಒಸದು, ಉಳ್ಕೊಳ್ಲಿ" ಎಂದು ಒಳಗೆ ಹೋದರು. ಅವರಿಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೂ ನನ್ನನ್ನು ಊರ ಮುಂದೆ ಎಳೆಯಲಿಲ್ಲ. ಅಂದು ಮಾರಿಕುಪ್ಪಂಗೆ ಹೋಗಿ ನಾನು ಸರಿಯಾಗಿ ಊಟ ಮಾಡಲಿಲ್ಲ. ಅಮ್ಮ ಏನಾಯಿತೆಂದು ತಮಿಳಿನಲ್ಲಿ ಕೇಳಿದರು, ತಲೆನೋವು ಎಂದೆ.

ದಿನ ತುಂಬಿ ಕೆಂಚಿ ಹೆಣ್ಣು ಕರು ಹಾಕಿತು. ನಾನು ಕೈಗವಸು ಹಾಕಿಕೊಂಡು, ಕರುವಿನ ಹಿಂದೆ ಬಿದ್ದ ಮಾಸು ಹೂಳಿಸಿ, ಕೊಟ್ಟಿಗೆ ತೊಳೆಸಿ ಬಂದೆ. ಮೂರನೆಯ ದಿನ ಕದಿರಮ್ಮ ಫೋನು ಮಾಡಿ, ಗಿಣ್ಣು ಮಾಡಿದ್ದೇನೆ, ಬಂದು ತಿಂದು ಹೋಗು ಎಂದರು. ನಾನು ಹೋದೆ. ಪಟ್ಟಿಯನ್ನು ಅಂಗಿಯ ಜೇಬಿನಲ್ಲಿ ಮಡಚಿ ಇಟ್ಟುಕೊಂಡೇ ಹೋಗಿದ್ದೆ. ಇನ್ನು ತಡೆದುಕೊಳ್ಳಲಾರೆ ಎನ್ನಿಸಿತ್ತು. ಕೆಲಸ ಹೋದರೆ ಹೋಗಲಿ.

ಬೆಲ್ಲ, ಏಲಕ್ಕಿ ಹಾಕಿ ಬೇಯಿಸಿದ ಗಿಣ್ಣನ್ನು ತಟ್ಟೆಯಲ್ಲಿ ಕತ್ತರಿಸಿ ಕೊಟ್ಟರು. ಬೀದಿಯ ಎಲ್ಲ ಮನೆಗೂ ಕೊಟ್ಟು ಬಂದೆ ಎಂದರು.

"ಪಕ್ಕದ ಮನೆಗೆ?"

ಅವರು ಚಾಕುವನ್ನು ಸೆರಗಿಗೆ ಒರೆಸತೊಡಗಿದರು. ನಾನು ತಟ್ಟೆ ಕೆಳಗಿಟ್ಟು ಪಟ್ಟಿ ಬಿಡಿಸಿದೆ.

"ಅಮ್ಮ, ಇದು ಆವತ್ತಿನ ಪಟ್ಟಿ. ಮೊದಲಿನಿಂದಲೂ ನನ್ನ ಹತ್ತಿರಾನೇ ಇತ್ತು. ನಿಮ್ಮ ಹತ್ತಿರ ಸುಳ್ಳು ಹೇಳಿದೆ. ಈ ಕಂದು ನಾನು ಬರೆದದ್ದು. ಪುಸ್ತಕದಲ್ಲಿ ಕಂದು ಅಂದರೆ ಬಣ್ಣ, ನಿಮ್ಮ ಕೆಂಚು. ನನಗೆ ನಿಮ್ಮೂರಿನ ಅರ್ಥ ಗೊತ್ತಿರಲಿಲ್ಲ. ಅನಸೂಯಮ್ಮ ನೋಡಿ ಬರೆದುಕೊಂಡರು ಅಷ್ಟೇ. ಅವರದು ಏನೂ ತಪ್ಪಿಲ್ಲ."

ಕದಿರಮ್ಮ ಕಾಗದವನ್ನು ಬಾಗಿಲ ಬೆಳಕಿಗೆ ಹಿಡಿದರು. ಕಂದು ಎಂಬ ಪದದ ಮೇಲೆ ಬೆರಳಿಟ್ಟರು, ಹಿಂದುಮುಂದು ತಿರುಗಿಸಿದರು, ಮಡಿಕೆ ನೋಡಿದರು, ಶಾಯಿಯನ್ನು ಉಗುರಿನಿಂದ ಮೆಲ್ಲಗೆ ಕೆರೆದರು. ಆಮೇಲೆ ನನ್ನ ಕಡೆ ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಮರುಕವಿತ್ತು.

"ಯಾವಾಗ ಬರೆಸಿದ್ಲು ನಿನ್ ಕೈಲಿ ಇದನ್ನ?"

"ಯಾರಮ್ಮ?"

"ಅವ್ಳೇ. ಅತ್ಲಾಗೆ ನನ್ ಕರ ನೆಟ್ಟಗೆ ಹುಟ್ತು, ಇತ್ಲಾಗೆ ಪಟ್ಟಿ ಸಿಕ್ಕಿಬಿಡ್ತಾ? ಅತ್ಕೊಂಡು ಬಂದು ನಿನ್ನ ಕೈ ಕಾಲು ಇಡ್ದಿರ್ಬೇಕು."

"ಇಲ್ಲಮ್ಮ, ನಿಜವಾಗ್ಲೂ ನಾನೇ. ನನ್ನ ಅಕ್ಷರ ಡಾಕ್ಟ್ರಿಗೆ ಗೊತ್ತು, ಕೇಳಿ ಬೇಕಾದ್ರೆ."

"ನೀನು ಸುಳ್ಳು ಏಳೋ ಪೈಕಿ ಅಲ್ಲ, ಅವತ್ತೇ ಗೊತ್ತಾಯ್ತು ನಂಗೆ. ಈ ಊರಲ್ಲಿ ನಾನು ನಂಬಿರೋದು ನಿನ್ನೊಬ್ಬನ್ನೇ." ಕಾಗದವನ್ನು ಮಡಚಿ ನನ್ನ ಜೇಬಿಗೆ ಅವರೇ ತುರುಕಿದರು. "ಒಳ್ಳೇವ್ನು ಕಣಪ್ಪ ನೀನು. ಯಾರು ಏನ್ ಏಳಿದ್ರೂ ನಂಬಿಬಿಡ್ತೀಯ."

ತಟ್ಟೆಗೆ ಇನ್ನೊಂದು ತುಂಡು ಗಿಣ್ಣು ಬಡಿಸಿದರು. ಗೋಡೆಯಾಚೆ ಅನಸೂಯಮ್ಮ ಹಸುವಿಗೆ ಬೂಸಾ ಕಲಸುವ ಸದ್ದು ಕೇಳುತ್ತಿತ್ತು. ಕದಿರಮ್ಮ ಎದುರಿಗೇ ಕೂತಿದ್ದರು, ನಾನು ತಿನ್ನುವುದನ್ನು ನೋಡುತ್ತ.